ಕಪ್ಪು ಪರದೆಯಿಂದ ಕಾಗದಕ್ಕೆ: 612 ಖಾತೆ ಉತಾರಗಳನ್ನು ಮುದ್ರಿಸುವ ಬಗೆ

ಓದುಗರ ಪ್ರಶ್ನೆ

ಸರ್, ರಬಕವಿ-ಬನಹಟ್ಟಿ ಭಾಗದ ನೇಕಾರರ ಪತ್ತಿನ ಸಹಕಾರಿ ಸಂಘವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಪ್ರತಿ ವರ್ಷ ಸರ್ವಸಾಧಾರಣ ಸಭೆಗೆ ಮೊದಲು 612 ಸದಸ್ಯರಿಗೆ ಖಾತೆ ಉತಾರ ಮತ್ತು ಸಭೆಯ ನೋಟಿಸು ಕಳುಹಿಸಬೇಕು. ನಮ್ಮ ತಂತ್ರಾಂಶವು ಒಬ್ಬೊಬ್ಬ ಸದಸ್ಯರಿಗೆ ಒಂದೊಂದು ಪಿಡಿಎಫ್ ಕಡತ ಮಾಡಿಕೊಡುತ್ತದೆ. ಒಂದೊಂದನ್ನೂ ತೆರೆದು ಪ್ರಿಂಟ್ ಕೊಡುವುದರಲ್ಲಿ ನಾಲ್ಕು ದಿನ ಹೋಗುತ್ತದೆ. ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಅಣ್ಣನ ಮಗ, ಉಬುಂಟು ಎಂಬ ಕಾರ್ಯಾಚರಣಾ ವ್ಯವಸ್ಥೆಯ ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಕಪ್ಪು ಪರದೆಯಲ್ಲಿ, ಒಂದು ಸಾಲು ಬರೆದರೆ ಎಲ್ಲವೂ ತಾವಾಗಿಯೇ ಬರುತ್ತವೆ ಎಂದು ಹೇಳಿ ಕಳೆದ ಭಾನುವಾರ ಮಾಡಿ ತೋರಿಸಿದ. ಸದಸ್ಯರ ಹೆಸರಿನ ಪಟ್ಟಿಯಲ್ಲಿ ಕನ್ನಡದ ಬದಲು ಚೌಕಗಳು ಬಂದವು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದ ನೋಟಿಸಿನ ಕಡತವನ್ನು ಯಂತ್ರ ತೆಗೆದುಕೊಳ್ಳಲೇ ಇಲ್ಲ; ಅದನ್ನು ಬರಿಯ ಪಠ್ಯವಾಗಿ ಉಳಿಸಿ ಕೊಟ್ಟಾಗ ತಲೆಯ ಮೇಲೆ ಚುಕ್ಕೆ ಗೆರೆಗಳಿದ್ದ ಇಂಗ್ಲಿಷ್ ಅಕ್ಷರಗಳು ಬಂದವು. ಆಮೇಲೆ ಅವನು ‘ರಾ’ ಎಂಬ ಪದ ಸೇರಿಸಿ ಉತಾರದ ಕಡತ ಕೊಟ್ಟ. ಆಗ ಗುರುತು ಸಿಗದ ಚಿಹ್ನೆಗಳ ಹಾಳೆಗಳು ಬರತೊಡಗಿದವು. ಮೊದಲ ಹಾಳೆಯ ನೆತ್ತಿಯಲ್ಲಿ ಶೇಕಡಾ ಚಿಹ್ನೆ, ಪಿಡಿಎಫ್, 1.4 ಎಂದಿತ್ತು. ಗಾಬರಿಯಾಗಿ ಪ್ರಿಂಟರಿನ ಸ್ವಿಚ್ ಆರಿಸಿದೆವು. ಮರುದಿನ ಬೆಳಿಗ್ಗೆ ಸ್ವಿಚ್ ಹಾಕಿದೊಡನೆ ಮತ್ತೆ ಅವೇ ಹಾಳೆಗಳು. ಪ್ರಿಂಟರ್ ಕೆಟ್ಟಿತೇ, ವೈರಸ್ ಬಂದಿತೇ? ಸದಸ್ಯರ ಸಾಲದ ವಿವರಗಳು ಯಂತ್ರದೊಳಗೆ ಉಳಿದುಬಿಟ್ಟಿವೆಯೇ? ಈ ದಾರಿಯನ್ನು ಬಿಟ್ಟೇಬಿಡಬೇಕೇ?

ಉತ್ತರ

ನಿಮ್ಮ ಪ್ರಿಂಟರ್ ಕೆಟ್ಟಿಲ್ಲ, ವೈರಸ್ಸೂ ಬಂದಿಲ್ಲ. ಆ ಭಾನುವಾರ ನಡೆದ ನಾಲ್ಕೂ ಘಟನೆಗಳಿಗೆ ಬೇರೆ ಬೇರೆ ಕಾರಣಗಳಿವೆ, ಮತ್ತು ನೀವು ಹಾಳೆಯ ನೆತ್ತಿಯ ಸಾಲನ್ನು ಗಮನಿಸಿ ಬರೆದಿದ್ದರಿಂದ ಅವನ್ನು ಇಲ್ಲಿಂದಲೇ ಗುರುತಿಸಲು ಸಾಧ್ಯವಾಗಿದೆ. ಈ ದಾರಿಯನ್ನು ಬಿಡಬೇಕಾಗಿಲ್ಲ. ಆದರೆ ಕಡತ ಮತ್ತು ಕಾಗದದ ನಡುವೆ ಅಕ್ಷರಗಳನ್ನು ಜೋಡಿಸುವವರು ಯಾರು ಎಂಬುದನ್ನು ತಿಳಿದುಕೊಂಡ ಮೇಲೆಯೇ ಇದರಲ್ಲಿ ಕಾಲಿಡಬೇಕು. ಮುಂದೆ ಬರುವ ಆಜ್ಞೆಗಳನ್ನು ಉಚ್ಚಾರದಂತೆ ಕನ್ನಡದಲ್ಲಿಯೇ ಬರೆದಿದ್ದೇನೆ. ಕೀಲಿಮಣೆಯಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಒತ್ತಬೇಕು, ದೊಡ್ಡಕ್ಷರ ಬೇಕಾದ ಕಡೆ ಹಾಗೆಂದು ಹೇಳಿದ್ದೇನೆ.

ಟರ್ಮಿನಲ್‌ನಿಂದ ಕೊಟ್ಟ ಪ್ರಿಂಟ್ ಬೇರೆ ದಾರಿಯಲ್ಲಿ ಹೋಗುತ್ತದೆ, ಅದು ಯಂತ್ರಕ್ಕೆ ಅಪಾಯ ಎಂಬ ನಂಬಿಕೆ ನಮ್ಮ ಕಡೆಯ ಕಚೇರಿಗಳಲ್ಲಿ ಬಲವಾಗಿದೆ. ಅದು ನಿಜವಲ್ಲ. ಉಬುಂಟುವಿನಲ್ಲಿ ನೀವು ಮೌಸಿನಿಂದ ಪ್ರಿಂಟ್ ಗುಂಡಿ ಒತ್ತಿದರೂ, ‘ಎಲ್‌ಪಿ’ ಎಂದು ಬರೆದು ಕಡತದ ಹೆಸರು ಕೊಟ್ಟರೂ, ಎರಡೂ ಹೋಗಿ ಸೇರುವುದು ಕಪ್ಸ್ ಎಂಬ ಒಂದೇ ಮುದ್ರಣ ವ್ಯವಸ್ಥೆಯನ್ನು. ಮೈಕಲ್ ಸ್ವೀಟ್ ಎಂಬವರು 1997ರಲ್ಲಿ ಆರಂಭಿಸಿ 1999ರಲ್ಲಿ ಹೊರತಂದ ಈ ವ್ಯವಸ್ಥೆಯನ್ನು ಆಪಲ್ ಕಂಪನಿ 2002ರಿಂದ ತನ್ನ ಕಂಪ್ಯೂಟರುಗಳಲ್ಲಿಯೂ ಬಳಸುತ್ತಿದೆ. ಉಬುಂಟುವಿನಂಥ ವ್ಯವಸ್ಥೆಗಳಿಗೆ ಮಾದರಿಯಾದ ಹಳೆಯ ಯುನಿಕ್ಸ್‌ನ ಎರಡು ಶಾಖೆಗಳಲ್ಲಿ ಮುದ್ರಣಕ್ಕೆ ಎರಡು ಆಜ್ಞೆಗಳಿದ್ದವು: ಎಟಿ ಅಂಡ್ ಟಿ ಶಾಖೆಯದು ‘ಎಲ್‌ಪಿ’, ಬರ್ಕ್ಲಿ ಶಾಖೆಯದು ‘ಎಲ್‌ಪಿಆರ್’. ಕಪ್ಸ್ ಎರಡನ್ನೂ ಒಪ್ಪುತ್ತದೆ. ಆದ್ದರಿಂದ ಒಬ್ಬರು ಒಂದನ್ನು, ಇನ್ನೊಬ್ಬರು ಇನ್ನೊಂದನ್ನು ಹೇಳಿಕೊಟ್ಟರೆ ಗೊಂದಲಪಡಬೇಡಿ.

ವ್ಯತ್ಯಾಸವಿರುವುದು ಅದಕ್ಕಿಂತ ಹಿಂದಿನ ಹಂತದಲ್ಲಿ. ನೀವು ಕಡತವನ್ನು ತೆರೆದು ಪ್ರಿಂಟ್ ಕೊಟ್ಟಾಗ, ತೆರೆದ ತಂತ್ರಾಂಶವೇ ಅಕ್ಷರಗಳನ್ನು ಜೋಡಿಸಿ, ಪುಟವನ್ನು ಸಿದ್ಧಗೊಳಿಸಿ ಕಪ್ಸ್‌ಗೆ ಒಪ್ಪಿಸುತ್ತದೆ. ಟರ್ಮಿನಲ್‌ನಿಂದ ಕೊಟ್ಟಾಗ ನಡುವೆ ಆ ತಂತ್ರಾಂಶ ಇರುವುದಿಲ್ಲ. ಕಡತವು ಇದ್ದ ಹಾಗೆಯೇ ಹೋಗುತ್ತದೆ. ಕಪ್ಸ್ ಆ ಕಡತದ ಮೊದಲ ಕೆಲವು ಅಕ್ಷರಗಳನ್ನು ನೋಡಿ ಅದು ಯಾವ ಬಗೆಯದೆಂದು ಗುರುತಿಸಿ, ಆ ಬಗೆಗೆ ತಕ್ಕ ಫಿಲ್ಟರಿನ ಮೂಲಕ ಹಾಯಿಸಿ, ನಿಮ್ಮ ಪ್ರಿಂಟರಿಗೆ ಅರ್ಥವಾಗುವ ಭಾಷೆಗೆ ತಿರುಗಿಸುತ್ತದೆ. ಪಿಡಿಎಫ್, ಚಿತ್ರ, ಬರಿಯ ಪಠ್ಯ ಇವು ಅದಕ್ಕೆ ತಿಳಿಯುತ್ತವೆ. ವರ್ಡ್ ಕಡತ ತಿಳಿಯುವುದಿಲ್ಲ. ನಿಮ್ಮ ನೋಟಿಸನ್ನು ಅದು ನಿರಾಕರಿಸಿದ್ದು ದೋಷವಲ್ಲ. ತನಗೆ ತಿಳಿಯದ ಬಗೆಯ ಕಡತವೆಂದು ಅದು ಸರಿಯಾಗಿಯೇ ಹೇಳಿತು.

ಈಗ ಚೌಕಗಳ ವಿಷಯ. ಕನ್ನಡಿಗರಾದ ನಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ನಿಮ್ಮ ಪಟ್ಟಿಯಲ್ಲಿ ಹತ್ತಾರು ಬಾರಿ ಬಂದಿರಬಹುದಾದ ‘ಲಕ್ಷ್ಮೀ’ ಎಂಬ ಹೆಸರನ್ನೇ ನೋಡಿ. ನಮ್ಮ ಕಣ್ಣಿಗೆ ಅದು ಎರಡೇ ಅಕ್ಷರ. ಯುನಿಕೋಡ್‌ನಲ್ಲಿ, ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ಸಂಕೇತ ಕೊಡುವ ಪದ್ಧತಿಯಲ್ಲಿ, ಉಳಿಸಿದ ಕಡತದೊಳಗೆ ಅದು ಏಳು ಸಂಕೇತಗಳ ಸಾಲು: ಲ, ಕ, ಹಲಂತದ ಚಿಹ್ನೆ, ಷ, ಮತ್ತೆ ಹಲಂತದ ಚಿಹ್ನೆ, ಮ, ಕೊನೆಗೆ ದೀರ್ಘ ಈಕಾರದ ಚಿಹ್ನೆ. ಒಂದೊಂದಕ್ಕೆ ಮೂರು ಬೈಟುಗಳಂತೆ ಒಟ್ಟು 21 ಬೈಟುಗಳು. ಈ ಏಳನ್ನು ಓದಿ, ಷಕಾರವನ್ನೂ ಮಕಾರವನ್ನೂ ಕಕಾರದ ಕೆಳಗೆ ಒತ್ತಕ್ಷರಗಳಾಗಿಸಿ, ಈಕಾರವನ್ನು ಇಡೀ ಗುಂಪಿಗೆ ಸೇರಿಸುವ ಕೆಲಸವನ್ನು ಯಾರಾದರೂ ಮಾಡಲೇಬೇಕು. ಪರದೆಯ ಮೇಲೆ ಅದನ್ನು ಪಠ್ಯ ಸಂಪಾದಕ ಮಾಡುತ್ತಿತ್ತು. ಕಪ್ಸ್‌ನ ಪಠ್ಯ ಫಿಲ್ಟರ್ ಮಾಡುವುದಿಲ್ಲ. ಅದು ಅಂಗುಲಕ್ಕೆ 10 ಅಕ್ಷರ, ಅಂಗುಲಕ್ಕೆ 6 ಸಾಲು ಎಂಬ ಹಳೆಯ ಲೈನ್ ಪ್ರಿಂಟರಿನ ಲೆಕ್ಕದಲ್ಲಿ, ಒಂದು ಸಂಕೇತಕ್ಕೆ ಒಂದು ಮನೆ ಎಂದು ಸಾಲಾಗಿ ಕೂರಿಸುತ್ತದೆ. ಅದು ಬಳಸುವ ಅಕ್ಷರಶೈಲಿಯಲ್ಲಿ ಕನ್ನಡ ಇಲ್ಲದಿದ್ದರೆ ಆ ಮನೆಗಳಲ್ಲಿ ಚೌಕ ಬರುತ್ತದೆ. ಇದ್ದರೂ ಒತ್ತಕ್ಷರ ಕೂಡುವುದಿಲ್ಲ. ನಿಮ್ಮ ಕಂಪ್ಯೂಟರಿನಲ್ಲಿ ಕನ್ನಡದ ಫಾಂಟ್ ಇಲ್ಲವೆಂದೋ ಪ್ರಿಂಟರಿಗೆ ಕನ್ನಡ ಬರುವುದಿಲ್ಲವೆಂದೋ ಇದರ ಅರ್ಥವಲ್ಲ. ಪ್ರಿಂಟರ್ ಬದಲಿಸಿದರೆ ಸರಿಹೋಗುತ್ತದೆ ಎಂಬ ಮಾತು ನಂಬಿ ಹೊಸ ಯಂತ್ರ ಕೊಂಡವರನ್ನು ನಾನು ನೋಡಿದ್ದೇನೆ. ಹಣ ಹೋಯಿತು, ಚೌಕಗಳು ಉಳಿದವು.

ನೋಟಿಸಿನಲ್ಲಿ ಬಂದ ಇಂಗ್ಲಿಷ್ ಅಕ್ಷರಗಳ ಕಾರಣ ಬೇರೆ. ನುಡಿಯ ಹಳೆಯ ಪದ್ಧತಿಯಲ್ಲಿ ಟೈಪ್ ಮಾಡಿದ ಕಡತದಲ್ಲಿ ಕನ್ನಡದ ಸಂಕೇತಗಳೇ ಇರುವುದಿಲ್ಲ. ಅಲ್ಲಿರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳು. ನುಡಿ ಫಾಂಟು ಆ ಸಂಕೇತಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಚಿತ್ರಿಸುವುದರಿಂದ ನಮಗೆ ಕನ್ನಡ ಕಾಣುತ್ತಿತ್ತು. ಯಾವ ಫಾಂಟು ಎಂಬ ಮಾಹಿತಿ ವರ್ಡ್ ಕಡತದಲ್ಲಿ ಇರುತ್ತದೆ. ಬರಿಯ ಪಠ್ಯವಾಗಿ ಉಳಿಸಿದ ಕ್ಷಣ ಆ ಮಾಹಿತಿ ಅಳಿಸಿಹೋಗಿ, ಒಳಗಿದ್ದ ಸಂಕೇತಗಳು ತಮ್ಮ ನಿಜರೂಪದಲ್ಲಿ ಹೊರಬಂದವು. ಈಗಿನ ನುಡಿಯಲ್ಲಿ ಯುನಿಕೋಡ್‌ನಲ್ಲಿಯೂ ಟೈಪ್ ಮಾಡಬಹುದು. ಹೊಸ ನೋಟಿಸನ್ನು ಹಾಗೆಯೇ ಮಾಡಿ. ಹಳೆಯದನ್ನೇ ಬಳಸುವುದಾದರೆ ಯುನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಸಾಲು ಸಾಲಾಗಿ ಓದಿ ನೋಡಿ. ಪರಿವರ್ತನೆಯಲ್ಲಿ ಅರ್ಕಾವೊತ್ತು ಇರುವ ಪದಗಳಲ್ಲಿ ತಪ್ಪು ನುಸುಳಿದ್ದನ್ನು ನಾನು ಅನೇಕ ಬಾರಿ ತಿದ್ದಿದ್ದೇನೆ, ಸಹಕಾರಿ ಸಂಘದ ನೋಟಿಸಿನಲ್ಲಿ ‘ವಾರ್ಷಿಕ’, ‘ಸರ್ವಸಾಧಾರಣ’, ‘ಕಾರ್ಯದರ್ಶಿ’ ಎಲ್ಲವೂ ಅಂಥವೇ.

ಮೂರನೆಯದು ಆ ‘ರಾ’ ಪದ. ಫಿಲ್ಟರು ಬೇಡ, ಕಡತವನ್ನು ಹಸಿಯಾಗಿಯೇ ಪ್ರಿಂಟರಿಗೆ ಕಳುಹಿಸು ಎಂಬುದು ಅದರ ಅರ್ಥ. ಪ್ರಿಂಟರಿನ ಭಾಷೆಯಲ್ಲಿಯೇ ಮೊದಲೇ ಸಿದ್ಧಗೊಂಡ ಕಡತಗಳಿಗೆ, ಡಾಟ್ ಮ್ಯಾಟ್ರಿಕ್ಸ್ ಯಂತ್ರದಲ್ಲಿ ಪಾಸ್‌ಬುಕ್ ಮುದ್ರಿಸುವಂಥ ಕೆಲಸಗಳಿಗೆ ಅದು ಬೇಕಾಗುತ್ತದೆ. ನಿಮ್ಮ ಪ್ರಿಂಟರಿಗೆ ಪಿಡಿಎಫ್ ನೇರವಾಗಿ ಅರ್ಥವಾಗುವುದಿಲ್ಲ. ಆದ್ದರಿಂದ ಅದು ಕಡತದ ಒಳಗಿನ ಬೈಟುಗಳನ್ನೇ ಅಕ್ಷರಗಳೆಂದು ತಿಳಿದು ಮುದ್ರಿಸುತ್ತ ಹೋಯಿತು. ಪ್ರತಿಯೊಂದು ಪಿಡಿಎಫ್ ಕಡತವೂ ಶೇಕಡಾ ಚಿಹ್ನೆ, ಪಿಡಿಎಫ್ ಎಂಬ ಅಕ್ಷರಗಳು ಮತ್ತು ಆವೃತ್ತಿಯ ಸಂಖ್ಯೆಯಿಂದಲೇ ಆರಂಭವಾಗುತ್ತದೆ. ನೀವು ಹಾಳೆಯ ನೆತ್ತಿಯಲ್ಲಿ ಕಂಡದ್ದು ಅದನ್ನೇ. ಹುಡುಗನನ್ನು ಗದರಿಸಬೇಡಿ, ವರ್ಡ್ ಕಡತ ನಿರಾಕೃತವಾದಾಗ ಬಲವಂತ ಮಾಡುವ ದಾರಿಯನ್ನು ಹುಡುಕಿದ್ದಾನೆ, ಅದನ್ನು ಉತಾರಕ್ಕೆ ಬಳಸುವ ಅಗತ್ಯವೇ ಇರಲಿಲ್ಲ. ಆ ಪದವಿಲ್ಲದೆ ಕೊಟ್ಟಿದ್ದರೆ ಮೊದಲ ಉತಾರವೇ ಸರಿಯಾಗಿ ಬರುತ್ತಿತ್ತು.

ಸ್ವಿಚ್ ಆರಿಸಿದರೆ ಕೆಲಸ ರದ್ದಾಗುತ್ತದೆ ಎಂಬುದು ನಾನು ದಿನವೂ ಕೇಳುವ ಇನ್ನೊಂದು ತಪ್ಪು ತಿಳಿವಳಿಕೆ. ಕೆಲಸವು ಕಾಯುತ್ತ ಕುಳಿತಿರುವುದು ಪ್ರಿಂಟರಿನಲ್ಲಿ ಅಲ್ಲ, ಕಂಪ್ಯೂಟರಿನ ಡಿಸ್ಕಿನಲ್ಲಿ. ಪ್ರಿಂಟರಿಗೆ ಜೀವ ಬಂದೊಡನೆ ಕಪ್ಸ್ ಅದನ್ನು ಮತ್ತೆ ಕಳುಹಿಸುತ್ತದೆ. ನಮ್ಮಲ್ಲಿ ಕರೆಂಟ್ ಹೋಗಿ ಬಂದಾಗಲೂ ಇದೇ ಆಗುತ್ತದೆ: ಕಂಪ್ಯೂಟರ್ ಯುಪಿಎಸ್ ಮೇಲೆ ಬದುಕಿರುತ್ತದೆ, ಲೇಸರ್ ಪ್ರಿಂಟರ್ ಕಾಗದ ಕಾಯಿಸಲು ಹೆಚ್ಚು ವಿದ್ಯುತ್ ಎಳೆಯುವುದರಿಂದ ಅದನ್ನು ಸಣ್ಣ ಯುಪಿಎಸ್‌ಗೆ ಜೋಡಿಸಿರುವುದಿಲ್ಲ, ಜೋಡಿಸಲೂ ಬಾರದು. ‘ಎಲ್‌ಪಿಸ್ಟಾಟ್ -ಓ’ ಎಂದು ಬರೆದರೆ ಕಾಯುತ್ತಿರುವ ಕೆಲಸಗಳ ಪಟ್ಟಿ ಕಾಣುತ್ತದೆ. ‘ಕ್ಯಾನ್ಸಲ್ -ಎ’ ಎಂದರೆ ಎಲ್ಲವೂ ರದ್ದಾಗುತ್ತವೆ. ಆಮೇಲೂ ಪ್ರಿಂಟರ್ ಸುಮ್ಮನಿದ್ದರೆ ‘ಎಲ್‌ಪಿಸ್ಟಾಟ್ -ಪಿ’ ನೋಡಿ. ಯಂತ್ರವನ್ನು ತಡೆಹಿಡಿಯಲಾಗಿದೆ ಎಂದು ಅದು ತೋರಿಸಿದರೆ ‘ಕಪ್ಸ್‌ಎನೇಬಲ್’ ಎಂದು ಬರೆದು ಪ್ರಿಂಟರಿನ ಹೆಸರು ಕೊಡಿ.

ಸದಸ್ಯರ ವಿವರಗಳ ಬಗ್ಗೆ ನೀವು ಕೇಳಿದ್ದು ನನಗೆ ಬಹಳ ಸಮಾಧಾನ ತಂದಿತು, ಏಕೆಂದರೆ ಇದನ್ನು ಕೇಳುವವರೇ ಕಡಿಮೆ. ಹೌದು, ಅವು ಸ್ವಲ್ಪ ಕಾಲ ಉಳಿಯುತ್ತವೆ. ಕಪ್ಸ್‌ನ ಮೂಲ ಹೊಂದಾಣಿಕೆಯಲ್ಲಿ ಮುದ್ರಣ ಮುಗಿದ ಕಡತದ ಪ್ರತಿಯನ್ನು 86,400 ಸೆಕೆಂಡು, ಅಂದರೆ ಒಂದು ದಿನ, ಇಟ್ಟುಕೊಳ್ಳಲಾಗುತ್ತದೆ. ಅದನ್ನು ಸಾಮಾನ್ಯ ಬಳಕೆದಾರರು ತೆರೆಯಲಾರರು, ಆಡಳಿತಗಾರರ ಪಾಸ್‌ವರ್ಡ್ ಇರುವವರು ತೆರೆಯಬಲ್ಲರು. ‘ಕ್ಯಾನ್ಸಲ್ -ಎ -ಎಕ್ಸ್’ ಎಂದು ಬರೆದರೆ ಕೆಲಸಗಳ ಜೊತೆಗೆ ಆ ಪ್ರತಿಗಳೂ ಅಳಿಯುತ್ತವೆ. ಕಡತಗಳಿಗೆ ಸದಸ್ಯರ ಹೆಸರಿಡಬೇಡಿ, ಖಾತೆ ಸಂಖ್ಯೆ ಇಡಿ. ಕೆಲಸಗಳ ಪಟ್ಟಿಯಲ್ಲಿ ಕಡತದ ಹೆಸರು ಕಾಣಿಸಿಕೊಳ್ಳುವ ಸಾಧ್ಯತೆ ಇರುತ್ತದೆ. ಕೆಟ್ಟುಬಂದ ಹಾಳೆಗಳನ್ನೂ ಹರಿದೇ ಎಸೆಯಿರಿ. ಚಿಹ್ನೆಗಳ ಹಾಳೆಯಲ್ಲಿ ಓದುವಂಥದ್ದು ಏನೂ ಇರಲಿಕ್ಕಿಲ್ಲ, ಆದರೆ ಚೌಕಗಳ ಪಟ್ಟಿಯಲ್ಲಿ ಹೆಸರು ಕಾಣದಿದ್ದರೂ ಅಂಕಿಗಳು ಚೆನ್ನಾಗಿಯೇ ಕಾಣುತ್ತವೆ.

ಇನ್ನು ಮಾಡಬೇಕಾದ ಕೆಲಸ. ಟರ್ಮಿನಲ್‌ನಿಂದ ಮುದ್ರಿಸುವ ಕನ್ನಡದ ಯಾವ ಕಡತವಾದರೂ ಮೊದಲು ಪಿಡಿಎಫ್ ಆಗಲಿ, ಅದರೊಳಗೆ ಫಾಂಟು ಅಡಕವಾಗಿರಲಿ. ಹಾಗಾದಾಗ ಅಕ್ಷರ ಜೋಡಣೆ ಕಡತದೊಳಗೇ ಮುಗಿದಿರುತ್ತದೆ, ಮುಂದಿನ ಯಾವ ಹಂತವೂ ಅದನ್ನು ಕೆಡಿಸಲಾರದು. ಅಡಕವಾಗಿದೆಯೇ ಎಂದು ತಿಳಿಯಲು ‘ಪಿಡಿಎಫ್‌ಫಾಂಟ್ಸ್’ ಎಂದು ಬರೆದು ಕಡತದ ಹೆಸರು ಕೊಡಿ. ಬರುವ ಪಟ್ಟಿಯಲ್ಲಿ ‘ಇಎಂಬಿ’ ಎಂಬ ಅಂಕಣದ ಕೆಳಗೆ ಎಲ್ಲ ಸಾಲುಗಳಲ್ಲಿಯೂ ‘ಯೆಸ್’ ಇರಬೇಕು. ನೋಟಿಸನ್ನು ಲಿಬ್ರೆ ಆಫೀಸ್ ಎಂಬ ಕಚೇರಿ ತಂತ್ರಾಂಶದಲ್ಲಿ ತೆರೆದು ಪಿಡಿಎಫ್ ಮಾಡಿಕೊಳ್ಳಿ. ಅದನ್ನೂ ಟರ್ಮಿನಲ್‌ನಿಂದ ಮಾಡಬಹುದು: ‘ಸಾಫೀಸ್ --ಹೆಡ್‌ಲೆಸ್ --ಕನ್ವರ್ಟ್-ಟು ಪಿಡಿಎಫ್’ ಎಂದು ಬರೆದು ಕಡತದ ಹೆಸರು ಕೊಡಬೇಕು; ಸಾಫೀಸ್ ಎಂದರೆ ಎಸ್ ಅಕ್ಷರಕ್ಕೆ ಅಂಟಿಸಿ ಬರೆದ ಆಫೀಸ್. ಆಗ ಲಿಬ್ರೆ ಆಫೀಸ್‌ನ ಕಿಟಕಿ ಬೇರೆಡೆ ತೆರೆದಿದ್ದರೆ ಈ ಆಜ್ಞೆ ಏನನ್ನೂ ಹೇಳದೆ, ಏನನ್ನೂ ಮಾಡದೆ ಮುಗಿದುಬಿಡುವುದುಂಟು. ಎಲ್ಲ ಕಿಟಕಿ ಮುಚ್ಚಿ ಮತ್ತೆ ಕೊಡಿ. ಸದಸ್ಯರ ಪಟ್ಟಿಯಂಥ ಬರಿಯ ಪಠ್ಯಕ್ಕೆ ‘ಪ್ಯಾಪ್ಸ್’ ಎಂಬ ಸಣ್ಣ ಸಾಧನವಿದೆ, ಅದು ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸಬಲ್ಲದು. ಆದರೆ ಪಟ್ಟಿಯನ್ನು ಲಿಬ್ರೆ ಆಫೀಸ್‌ನಲ್ಲಿಯೇ ಕೋಷ್ಟಕವಾಗಿ ಮಾಡುವುದು ನಿಮಗೆ ಸುಲಭ.

ಉತಾರಗಳು ಈಗಾಗಲೇ ಪಿಡಿಎಫ್ ಆಗಿರುವುದರಿಂದ ಅಲ್ಲಿ ಅಕ್ಷರದ ಭಯವಿಲ್ಲ. ಭಯವಿರುವುದು ಕ್ರಮದ್ದು ಮತ್ತು ಹಾಳೆಯ ಹಿಂಬದಿಯದ್ದು. ಕಡತಗಳಿಗೆ 1, 2, 3 ಎಂದು ಹೆಸರಿದ್ದು, ಎಲ್ಲವನ್ನೂ ನಕ್ಷತ್ರ ಚಿಹ್ನೆಯಿಂದ ಒಟ್ಟಿಗೆ ಕರೆದರೆ ಅವು ನಿಘಂಟಿನ ಕ್ರಮದಲ್ಲಿ ಬರುತ್ತವೆ: 1 ಆದ ಮೇಲೆ 10, ಆಮೇಲೆ 100, ಹೀಗೆ ಸಾಗಿ ಎಷ್ಟೋ ಹೊತ್ತಿನ ನಂತರ 2. ವಿಳಾಸ ಬರೆದ ಲಕೋಟೆಗಳು ಒಂದು ಕ್ರಮದಲ್ಲಿ, ಉತಾರಗಳು ಇನ್ನೊಂದು ಕ್ರಮದಲ್ಲಿದ್ದರೆ ಮುಂದೇನಾಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. 001, 002, 010 ಎಂದು ಮೂರು ಅಂಕಿಗಳ ಹೆಸರಿಡಿ, ಕ್ರಮ ತಪ್ಪುವುದಿಲ್ಲ.

612 ಕಡತಗಳನ್ನು ‘ಪಿಡಿಎಫ್‌ಯುನೈಟ್’ ಆಜ್ಞೆಯಿಂದ ಒಂದೇ ದೊಡ್ಡ ಪಿಡಿಎಫ್ ಮಾಡಿ ಮುದ್ರಿಸುವುದು ಒಂದು ದಾರಿ. ನಡುವೆ ಕಾಗದ ಸಿಕ್ಕಿಕೊಂಡರೆ ‘ಎಲ್‌ಪಿ -ಪಿ 301-450’ ಎಂದು, ಇಲ್ಲಿ ಪಿ ದೊಡ್ಡಕ್ಷರ, ಬೇಕಾದ ಪುಟಗಳಿಂದ ಮುಂದುವರಿಸಬಹುದು. ಒಂದೇ ಬದಿಯಲ್ಲಿ ಮುದ್ರಿಸುವವರಿಗೆ ಇದು ಒಳ್ಳೆಯ ದಾರಿಯೇ. ಎರಡೂ ಬದಿಯಲ್ಲಿ ಮುದ್ರಿಸುವವರು ಮಾತ್ರ ಇದನ್ನು ಬಳಸಲೇಬಾರದು. ಒಬ್ಬ ಸದಸ್ಯರ ಉತಾರ ಮೂರು ಪುಟವಿದ್ದರೆ, ಆ ಮೂರನೆಯ ಪುಟದ ಹಿಂಬದಿಯಲ್ಲಿ ಮುಂದಿನ ಸದಸ್ಯರ ಮೊದಲ ಪುಟ ಅಚ್ಚಾಗುತ್ತದೆ. ಕೆಲವು ವರ್ಷಗಳ ಹಿಂದೆ ವಿಜಯಪುರ ಜಿಲ್ಲೆಯ ಸಂಸ್ಥೆಯೊಂದರಲ್ಲಿ ಹೀಗೆಯೇ ಆಗಿ, ಒಬ್ಬರ ಸಾಲದ ಬಾಕಿ ಬೀಗರ ಮನೆಯವರ ಕೈಗೆ ಹೋಯಿತು. ಎರಡು ಕುಟುಂಬಗಳ ನಡುವೆ ಅದರಿಂದ ಬಂದ ಮನಸ್ತಾಪವನ್ನು ನಾನು ಕಣ್ಣಾರೆ ಕಂಡೆ. ಅಂದಿನಿಂದ ಯಾರ ವೈಯಕ್ತಿಕ ಲೆಕ್ಕವನ್ನೂ ಒಟ್ಟುಗೂಡಿಸಿ ಎರಡು ಬದಿಯಲ್ಲಿ ಮುದ್ರಿಸಲು ನಾನು ಒಪ್ಪುವುದಿಲ್ಲ.

ನಿಮಗೆ ನಾನು ಹೇಳುವುದು ಒಂದೊಂದು ಉತಾರವೂ ಒಂದೊಂದು ಬೇರೆ ಕೆಲಸವಾಗಿ ಹೋಗುವ ದಾರಿ. ಬೇರೆ ಕೆಲಸವೆಂದರೆ ಹೊಸ ಹಾಳೆ. ಉತಾರಗಳಿರುವ ಫೋಲ್ಡರಿಗೆ ಹೋಗಿ ‘ಫಾರ್ ಎಫ್ ಇನ್ *.ಪಿಡಿಎಫ್; ಡು ಎಲ್‌ಪಿ "$ಎಫ್"; ಡನ್’ ಎಂದು ಬರೆಯಿರಿ. ಡಾಲರ್ ಚಿಹ್ನೆಯ ಆಚೀಚೆಯ ಉದ್ಧರಣ ಚಿಹ್ನೆಗಳನ್ನು ಬಿಡಬೇಡಿ, ಕಡತದ ಹೆಸರಿನಲ್ಲಿ ಖಾಲಿ ಜಾಗವಿದ್ದರೆ ಅವೇ ಕಾಪಾಡುವುದು. ಆದರೆ 612ನ್ನೂ ಒಮ್ಮೆಲೇ ಕೊಡಬೇಡಿ. ಕಪ್ಸ್ ಮೂಲ ಹೊಂದಾಣಿಕೆಯಲ್ಲಿ ಏಕಕಾಲಕ್ಕೆ 500 ಕೆಲಸಗಳನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಆಜ್ಞೆ ಕ್ಷಣಗಳಲ್ಲಿ ಮುಗಿಯುತ್ತದೆ, ಪ್ರಿಂಟರ್ ನಿಧಾನವಾಗಿ ಸಾಗುತ್ತದೆ, ಮಿತಿ ತುಂಬಿದ ಮೇಲೆ ಬಂದವು ನಿರಾಕೃತವಾಗುತ್ತವೆ. ನಕ್ಷತ್ರದ ಬದಲು ‘0*’ ಎಂದರೆ 001ರಿಂದ 099ರವರೆಗೆ, ‘1*’ ಎಂದರೆ 100ರಿಂದ 199ರವರೆಗೆ ಹೋಗುತ್ತವೆ. ಒಂದು ಕಂತು ಮುಗಿದು, ಎಣಿಸಿ, ಲಕೋಟೆಗೆ ಹಾಕಿದ ಮೇಲೆ ಮುಂದಿನದು. ನಡುವೆ ಕೌಂಟರಿನಲ್ಲಿ ಯಾರಿಗಾದರೂ ಪಾವತಿಯೋ ಠೇವಣಿ ಪತ್ರವೋ ಬೇಕಾದರೆ ಅದನ್ನು ‘ಎಲ್‌ಪಿ -ಕ್ಯೂ 100’ ಎಂದು ಕೊಡಿ. ಸಾಮಾನ್ಯ ಆದ್ಯತೆ 50 ಇರುವುದರಿಂದ, ಆಗ ನಡೆಯುತ್ತಿರುವ ಉತಾರ ಮುಗಿದೊಡನೆ ಅದೇ ಮೊದಲು ಬರುತ್ತದೆ. ಒಂದೇ ದೊಡ್ಡ ಪಿಡಿಎಫ್ ಆಗಿದ್ದರೆ ಈ ಅನುಕೂಲ ಸಿಗದು, ಸದಸ್ಯರು ಸಂಜೆಯವರೆಗೆ ನಿಲ್ಲಬೇಕಾಗುತ್ತದೆ.

ಕಾಗದದ ಅಳತೆಯನ್ನು ಒಮ್ಮೆ ಖಚಿತಪಡಿಸಿಕೊಳ್ಳಿ. ಎ4 ಹಾಳೆ 210 ಮತ್ತು 297 ಮಿಲಿಮೀಟರ್. ಅಮೆರಿಕದ ಲೆಟರ್ ಹಾಳೆ 216 ಮತ್ತು 279. ಪ್ರಿಂಟರನ್ನು ಮೊದಲು ಜೋಡಿಸಿದವರು ಲೆಟರ್ ಎಂದು ಬಿಟ್ಟಿದ್ದರೆ ಎತ್ತರದಲ್ಲಿ 18 ಮಿಲಿಮೀಟರ್ ಕೊರೆಯಾಗಿ, ಉತಾರದ ಕೊನೆಯ ಸಾಲು, ಅಂದರೆ ಬಾಕಿಯ ಸಾಲು, ಅಳಿಸಿಹೋಗಬಹುದು. ಆಜ್ಞೆಯಲ್ಲಿ ‘-ಓ ಮೀಡಿಯಾ=ಎ4’ ಎಂದು ಸೇರಿಸಿ; ಇಲ್ಲಿ ಎ ದೊಡ್ಡಕ್ಷರ. ಎರಡು ಬದಿಗೆ ‘-ಓ ಸೈಡ್ಸ್=ಟೂ-ಸೈಡೆಡ್-ಲಾಂಗ್-ಎಡ್ಜ್’ ಸೇರಿಸಿ.

ಇದೇ ಕೆಲಸ ವಿಂಡೋಸ್‌ನಲ್ಲಿ ಆಗುವುದೇ ಎಂದು ಕೇಳುವವರಿಗಾಗಿ ಒಂದು ಮಾತು: ಅಲ್ಲಿನ ‘ಪ್ರಿಂಟ್’ ಆಜ್ಞೆಯೂ ಪವರ್‌ಶೆಲ್‌ನ ‘ಔಟ್-ಪ್ರಿಂಟರ್’ ಕೂಡ ಪಠ್ಯಕ್ಕಾಗಿ ಇರುವವು, ಪಿಡಿಎಫ್‌ಗೆ ಅವು ನೆರವಾಗುವುದಿಲ್ಲ. ಆಜ್ಞೆಯಿಂದ ಮುದ್ರಿಸಬಲ್ಲ ಸುಮಾತ್ರಾ ಪಿಡಿಎಫ್‌ನಂಥ ಓದುಗ ತಂತ್ರಾಂಶವನ್ನು ಹಾಕಿಕೊಳ್ಳಬೇಕಾಗುತ್ತದೆ.

ಮೊದಲ ದಿನ 612ರಲ್ಲಿ ಐದನ್ನು ಮಾತ್ರ ಬೇರೆ ಫೋಲ್ಡರಿಗೆ ಹಾಕಿಕೊಂಡು ಕೊಡಿ, ಆದರೆ ಆ ಐದನ್ನು ಆರಿಸಿ ತೆಗೆಯಿರಿ: ಒಂದು ಪುಟದ್ದು ಒಂದು, ಮೂರು ಪುಟದ್ದು ಎರಡು, ಹೆಸರಿನಲ್ಲಿ ಒತ್ತಕ್ಷರ ಹೆಚ್ಚಿರುವುದು ಒಂದು, ಬಾಕಿಯ ಸಾಲು ಪುಟದ ಅಂಚಿಗೇ ಬಂದಿರುವುದು ಒಂದು. ಮೂರು ಪುಟದವೆರಡನ್ನು ಒಂದರ ಹಿಂದೆ ಒಂದು ಬರುವಂತೆ ಹೆಸರಿಟ್ಟು, ಮೊದಲನೆಯದರ ಕೊನೆಯ ಹಾಳೆಯನ್ನು ಮಗುಚಿ ನೋಡಿ. ಅದರ ಬೆನ್ನು ಖಾಲಿ ಇದ್ದರೆ 001ರಿಂದ ಆರಂಭಿಸಿ.